ಎಂಬಿರಾ ಯಾವ ಸರ್ಕಾರದ ಮಾತನ್ನೂ ಯಾಕೆ ಕೇಳಲಿಲ್ಲ? ಜಿಂಬಾಬ್ವೆಯ ಚಿಮುರೆಂಗಾ ಸಂಗೀತದ ಬಗ್ಗೆ ಮಾತಾಡೋಣ

ಸಂಜೆರಾಗ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಆಫ್ರಿಕಾದ ರಾಜಕೀಯ ಸಂಗೀತ ಅಂದ ಕೂಡಲೇ ಹೆಚ್ಚಿನವರ ಬಾಯಿಗೆ ಬರುವುದು ನೈಜೀರಿಯಾದ ಫೆಲಾ ಕುಟಿ ಹೆಸರು. ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ನನ್ನನ್ನು ಜಾಸ್ತಿ ಹಿಡಿದಿಟ್ಟಿರುವುದು ಜಿಂಬಾಬ್ವೆ. ಅಲ್ಲಿ ಹಿರಿಯರ ಪೂಜೆಯಲ್ಲಿ ನುಡಿಸುತ್ತಿದ್ದ ಎಂಬಿರಾ ಅನ್ನುವ ಒಂದು ಪುಟ್ಟ ವಾದ್ಯ ಬಿಳಿಯರ ಆಳ್ವಿಕೆಗೆ ಎದುರು ನಿಂತಿತು. ಸ್ವಾತಂತ್ರ್ಯ ಬಂದ ಮೇಲೆ, ಜನ ತಮ್ಮದೇ ಅಂದುಕೊಂಡಿದ್ದ ಸರ್ಕಾರಕ್ಕೂ ಅದೇ ಸಂಗೀತ ಎದುರು ನಿಂತಿತು. ಇದು ಹೇಗಾಯಿತು ಅನ್ನುವುದೇ ನನ್ನ ಪ್ರಶ್ನೆ.

ಎಂಬಿರಾ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಒಂದು ಗಟ್ಟಿ ಮರದ ಹಲಗೆ. ಅದರ ಮೇಲೆ ಬಡಿದು ಚಪ್ಪಟೆ ಮಾಡಿದ ಲೋಹದ ಕಡ್ಡಿಗಳು, ಸಾಮಾನ್ಯವಾಗಿ 22ರಿಂದ 28. ಎಡಕ್ಕೆ ಎರಡು ಸಾಲು, ಬಲಕ್ಕೆ ಒಂದು ಸಾಲು. ಹಲಗೆಯ ಬಲ ಮೂಲೆಯಲ್ಲಿ ಒಂದು ತೂತು ಇರುತ್ತದೆ. ಬಲಗೈ ಕಿರುಬೆರಳನ್ನು ಅದರಲ್ಲಿ ತೂರಿಸಿ ವಾದ್ಯ ಹಿಡಿಯಬೇಕು. ಎರಡೂ ಹೆಬ್ಬೆರಳು ಕಡ್ಡಿಯನ್ನು ಕೆಳಕ್ಕೆ ಒತ್ತಿ ಮೀಟುತ್ತವೆ. ಬಲಗೈ ತೋರುಬೆರಳು ಮಾತ್ರ ಅಡಿಯಿಂದ ಮೇಲಕ್ಕೆ ಮೀಟುತ್ತದೆ. ಸದ್ದು ದೊಡ್ಡದಾಗಲಿ ಅಂತ ಇಡೀ ಹಲಗೆಯನ್ನು ದೊಡ್ಡದೊಂದು ಸೋರೆಬುರುಡೆಯೊಳಗೆ ಕೂರಿಸುತ್ತಾರೆ. ಬುರುಡೆಯ ಅಂಚಿಗೂ ಹಲಗೆಗೂ ಹಿಂದೆ ಚಿಪ್ಪು ಕಟ್ಟುತ್ತಿದ್ದರು, ಈಗ ಸೋಡಾ ಬಾಟಲಿಯ ಮುಚ್ಚಳ ಕಟ್ಟುತ್ತಾರೆ. ಕಡ್ಡಿ ಮೀಟಿದಾಗಲೆಲ್ಲ ಅವು ಝರ್ ಅನ್ನುತ್ತವೆ. ಮೊದಲ ಸಲ ಕೇಳಿದವರಿಗೆ ಸ್ಪೀಕರ್ ಕೆಟ್ಟಿದೆ ಅನ್ನಿಸಬಹುದು. ನಮ್ಮ ತಂಬೂರಿಯಲ್ಲಿ ಕುದುರೆಯ ಮೇಲೆ ದಾರ ಸಿಕ್ಕಿಸಿ ಜೀವಾಳಿ ತರುತ್ತಾರಲ್ಲ, ಆ ಝೇಂಕಾರ ಇಲ್ಲದಿದ್ದರೆ ತಂಬೂರಿ ಸಪ್ಪೆ ಅಲ್ವಾ? ಎಂಬಿರಾ ನುಡಿಸುವ ಜಿಂಬಾಬ್ವೆಯ ಶೋನಾ ಜನರಿಗೆ ಆ ಝರ್ ಸದ್ದೂ ಹಾಗೆಯೇ.

ಈ ವಾದ್ಯದ ದೊಡ್ಡ ಕೆಲಸ ನಡೆಯುವುದು ‘ಬಿರಾ’ ಅನ್ನುವ ರಾತ್ರಿಯಿಡೀ ನಡೆಯುವ ಆಚರಣೆಯಲ್ಲಿ. ಮನೆಯವರು ಮನೆಯಲ್ಲೇ ಬಿಯರ್ ಮಾಡಿರುತ್ತಾರೆ. ನೆಂಟರು, ಊರವರು ಸೇರುತ್ತಾರೆ. ಎಂಬಿರಾ ನುಡಿಸುವವರು, ‘ಹೋಶೋ’ ಅನ್ನುವ ಬುರುಡೆಯ ಗಿಲಕಿ ಆಡಿಸುವವರು ನಿಲ್ಲಿಸದೆ ನುಡಿಸುತ್ತಾರೆ. ತಮಗಿಷ್ಟವಾದ ರಾಗ ಕೇಳಿದಾಗ ತೀರಿಕೊಂಡ ಹಿರಿಯರು ಮೈದುಂಬಿ ಬರುತ್ತಾರೆ ಅನ್ನುವುದು ನಂಬಿಕೆ. ಬಂದವರ ಹತ್ತಿರ ಕಾಯಿಲೆ, ಮಳೆ, ಮನೆಯ ಜಗಳ ಎಲ್ಲವನ್ನೂ ಕೇಳುತ್ತಾರೆ. ಭೂಮಿ ಕೂಡ ಆ ಹಿರಿಯರದೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

1896-97ರಲ್ಲಿ ಬ್ರಿಟಿಷ್ ವಲಸಿಗರ ವಿರುದ್ಧ ಜನ ದಂಗೆ ಎದ್ದರು. ನೆಹಾಂಡಾ ಅನ್ನುವ ಹಿರಿಯ ಚೇತನ ಮೈಮೇಲೆ ಬರುತ್ತಿದ್ದ ಚಾರ್ವೆ ಎಂಬ ಹೆಂಗಸು ಆ ದಂಗೆಯ ಮುಂಚೂಣಿಯಲ್ಲಿದ್ದವರು. 1898ರಲ್ಲಿ ಅವರನ್ನು ಗಲ್ಲಿಗೇರಿಸಿದರು. ಅದು ಮೊದಲ ಚಿಮುರೆಂಗಾ, ಅಂದರೆ ಶೋನಾ ಭಾಷೆಯಲ್ಲಿ ಹೋರಾಟ. 1930ರ ಭೂ ಹಂಚಿಕೆ ಕಾಯ್ದೆ ದೇಶದ ಸುಮಾರು ಅರ್ಧ ಭೂಮಿಯನ್ನು ಬೆರಳೆಣಿಕೆಯ ಬಿಳಿಯರಿಗೆ ಕೊಟ್ಟಿತು. 1965ರಲ್ಲಿ ಇಯಾನ್ ಸ್ಮಿತ್ ಅವರ ಬಿಳಿಯರ ಸರ್ಕಾರ ಬ್ರಿಟನ್ ಮಾತನ್ನೂ ಕೇಳದೆ ರೊಡೇಷಿಯಾ (ಜಿಂಬಾಬ್ವೆಯ ಆಗಿನ ಹೆಸರು) ಸ್ವತಂತ್ರ ಅಂತ ಸಾರಿಕೊಂಡಿತು. ಅದಾದ ಮೇಲೆ ಶುರುವಾದ ಗೆರಿಲ್ಲಾ ಯುದ್ಧವೇ ಎರಡನೇ ಚಿಮುರೆಂಗಾ. ಆ ಯುದ್ಧದ ಕಾಲದಲ್ಲಿ ಕಟ್ಟಿದ ಸಂಗೀತಕ್ಕೂ ಅದೇ ಹೆಸರು ನಿಂತಿತು.

ಇಲ್ಲಿ ಬರುವವರು ಥಾಮಸ್ ಮಪ್ಫುಮೋ. ಹುಟ್ಟಿದ್ದು 1945, ಮರೊಂಡೆರಾ. ಚಿಕ್ಕಂದಿನಲ್ಲಿ ಅಜ್ಜ ಅಜ್ಜಿಯ ಜೊತೆ ಹಳ್ಳಿಯಲ್ಲಿ ಬೆಳೆದರು. ಆಮೇಲೆ ನಗರಕ್ಕೆ ಬಂದು ಎಲ್ಲರ ಹಾಗೆ ಎಲ್ವಿಸ್ ಪ್ರೆಸ್ಲಿ, ಓಟಿಸ್ ರೆಡಿಂಗ್ ಹಾಡುಗಳನ್ನೇ ಹಾಡುತ್ತಿದ್ದರು. 1970ರ ದಶಕದ ಮೊದಲಲ್ಲಿ ಮಂಗೂರಾ ತಾಮ್ರದ ಗಣಿಯ ಊರಿನಲ್ಲಿ ‘ಹಲ್ಲೆಲೂಯಾ ಚಿಕನ್ ರನ್ ಬ್ಯಾಂಡ್’ ಸೇರಿದರು. ಗಣಿ ಕೆಲಸಗಾರರ ಮುಂದೆ ಹಾಡಬೇಕಿತ್ತು. ಅಲ್ಲಿ ಗಿಟಾರ್ ವಾದಕ ಜೋಶುವಾ ಡೂಬೆ ಎಂಬಿರಾದ ರಾಗವನ್ನು ಗಿಟಾರಿಗೆ ಇಳಿಸಿದರು. ಮಪ್ಫುಮೋ ಶೋನಾದಲ್ಲೇ ಹಾಡಿದರು. 1974ರ ‘ಎನ್‌ಗೋಮಾ ಯಾರಿರಾ’ ಹಾಗೆ ಬಂತು. ಮಿಷನರಿಗಳು ದೆವ್ವದ ವಾದ್ಯ ಅಂತ ದೂರ ತಳ್ಳಿದ್ದ ಸಂಗೀತ ನಗರದ ಬಾರಿನ ಕುಣಿತದ ಜಾಗಕ್ಕೆ ಬಂದು ನಿಂತಿತ್ತು.

ನನ್ನ ವಾದ ಇಷ್ಟು. ಎಂಬಿರಾ ರಾಗಗಳಿಗೆ ಕರ್ತೃ ಅಂತ ಒಬ್ಬರಿಲ್ಲ. ಅವು ಹಿರಿಯರವು. ನುಡಿಸುವವರು ಅದನ್ನು ಕೈದಾಟಿಸುತ್ತಾರೆ, ಅಷ್ಟೇ. ಹೀಗಿರುವಾಗ ಯಾವ ಪಕ್ಷವೂ ಆ ಸಂಗೀತವನ್ನು ತನ್ನ ಜೇಬಿಗೆ ಹಾಕಿಕೊಳ್ಳಲು ಆಗಲಿಲ್ಲ. ಅದಕ್ಕೇ ಅದು ಸ್ಮಿತ್‌ಗೂ ಬಗ್ಗಲಿಲ್ಲ, 1980ರ ಸ್ವಾತಂತ್ರ್ಯದ ನಂತರ ಆಳಿದ ಮುಗಾಬೆಗೂ ಬಗ್ಗಲಿಲ್ಲ. ನೀವೇನಂತೀರಿ?


ಹೊಸಪೇಟೆ_ಗಿಟಾರ್

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ಆದರೆ ಒಂದು ಪ್ರಶ್ನೆ ಇಲ್ಲೇ ಬರುತ್ತದೆ. ಮಪ್ಫುಮೋ ಅವರ 1970ರ ದಶಕದ ಹಾಡುಗಳಲ್ಲಿ ಎಂಬಿರಾ ವಾದ್ಯವೇ ಇಲ್ಲ. ಇರುವುದು ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್, ಸ್ಯಾಕ್ಸೊಫೋನ್. ಹಾಗಾದರೆ ಇದನ್ನು ಸಾಂಪ್ರದಾಯಿಕ ವಾದ್ಯದ ಸಂಗೀತ ಅನ್ನಬಹುದಾ?

ನನ್ನ ಉತ್ತರ ಹೌದು ಅಂತಲೇ. ಗಿಟಾರ್ ಹಿಡಿದು ಆ ಹಾಡುಗಳನ್ನು ಕಲಿಯಲು ಕೂತರೆ ಗೊತ್ತಾಗುತ್ತದೆ. ಮಪ್ಫುಮೋ ಜೊತೆಗಿದ್ದ ಗಿಟಾರ್ ವಾದಕ ಜೋನಾ ಸಿತೋಲೆ ನುಡಿಸಿದ್ದನ್ನು ಕೇಳಿ. ಬಲ ಅಂಗೈಯ ಅಂಚನ್ನು ತಂತಿಗಳ ಬುಡಕ್ಕೆ, ಕುದುರೆಯ ಹತ್ತಿರ, ಹಗುರವಾಗಿ ಒತ್ತಿ ಹಿಡಿದಿರುತ್ತಾರೆ. ಸ್ವರ ಹುಟ್ಟಿದ ಕೂಡಲೇ ಅರ್ಧಕ್ಕೆ ಸತ್ತ ಹಾಗೆ ‘ಟುಕ್’ ಅನ್ನುತ್ತದೆ. ಲೋಹದ ಕಡ್ಡಿ ಮೀಟಿದ ಸದ್ದು ಹಾಗೆಯೇ ಅಲ್ವಾ? ಗಿಟಾರಿಸ್ಟ್‌ಗಳು ಸಾಮಾನ್ಯವಾಗಿ ಮಾಡುವಂತೆ ಕಾರ್ಡ್ ಬಾರಿಸುವುದು ಇಲ್ಲಿ ಕಡಿಮೆ. ಒಂದೊಂದೇ ಸ್ವರ, ಮೇಲೊಂದು ಕೆಳಗೊಂದು ಜಿಗಿಯುತ್ತ ಹೋಗುತ್ತದೆ. ಕೈ ಅಭ್ಯಾಸಕ್ಕೆ ಇದು ತುಂಬಾ ಕಷ್ಟ, ಯಾಕೆಂದರೆ ಎರಡು ಹೆಬ್ಬೆರಳು ಒಂದು ತೋರುಬೆರಳು ಮಾಡುವ ಕೆಲಸವನ್ನು ಒಂದೇ ಪಿಕ್ ಮಾಡಬೇಕು.

ಇನ್ನೂ ಮುಂದೆ ಹೋಗಿ. ಎಂಬಿರಾವನ್ನು ಇಬ್ಬರು ಜೊತೆಯಾಗಿ ನುಡಿಸುವುದು ರೂಢಿ. ಮೊದಲನೆಯವರದು ‘ಕುಶಾವುರಾ’, ಅಂದರೆ ಹಾಡು ಎತ್ತುವ ಭಾಗ. ಎರಡನೆಯವರದು ‘ಕುತ್ಸಿನ್ಹಿರಾ’, ಅದರ ಸಂದಿಗಳಲ್ಲಿ ಸೇರಿಕೊಳ್ಳುವ ಭಾಗ. ಇಬ್ಬರ ಸ್ವರಗಳು ಹೆಣೆದುಕೊಂಡಾಗ ಇಬ್ಬರೂ ನುಡಿಸದ ಮೂರನೇ ರಾಗವೊಂದು ಕಿವಿಗೆ ಕೇಳುತ್ತದೆ. ಬ್ಯಾಂಡಿನಲ್ಲಿ ಎರಡು ಗಿಟಾರ್‌ಗಳು ಈ ಕೆಲಸ ಹಂಚಿಕೊಂಡವು. ಎಡಗೈ ಕೆಳಸಾಲಿನ ದಪ್ಪ ಸ್ವರಗಳು ಬೇಸ್ ಗಿಟಾರಿಗೆ ಹೋದವು. ಹೋಶೋ ಗಿಲಕಿಯ ತಾಳ ಡ್ರಮ್ಸ್‌ನ ಹೈ-ಹ್ಯಾಟ್ ತಟ್ಟೆಗೆ ಬಂತು. ಹೆಚ್ಚಿನ ರಾಗಗಳಲ್ಲಿ 12 ಮಾತ್ರೆಯ ನಾಲ್ಕು ಸಾಲು, ಒಟ್ಟು 48 ಮಾತ್ರೆಗಳ ಆವರ್ತ. ಅದೂ ಹಾಗೇ ಉಳಿಯಿತು. ವಾದ್ಯ ಬದಲಾಗಿದೆ, ಒಳಗಿನ ಕಟ್ಟು ಬದಲಾಗಿಲ್ಲ. 1980ರ ದಶಕದ ನಡುವಿನಲ್ಲಿ ಮಪ್ಫುಮೋ ನಿಜವಾದ ಎಂಬಿರಾವನ್ನೇ ಬ್ಯಾಂಡಿಗೆ ತಂದರು. ಎಂಬಿರಾ ವಾದಕ ಚಾರ್ಟ್‌ವೆಲ್ ದುತಿರೋ ಬಂದದ್ದು ಆಗ. ಗಿಟಾರ್ ಪಕ್ಕದಲ್ಲೇ ಎಂಬಿರಾ ಕೂತಾಗ ಯಾವುದು ಯಾವುದು ಅಂತ ಬೇರೆ ಮಾಡಲು ಕಷ್ಟ. ಅಷ್ಟು ಚೆನ್ನಾಗಿ ಬೆರೆತಿತ್ತು.


ಬೆಳಗಿನಬಿಸಿಲು

ಇಬ್ಬರೂ ವಾದ್ಯದ ಬಗ್ಗೆಯೇ ಹೇಳಿದಿರಿ. ಸಾಹಿತ್ಯವನ್ನು ಬಿಟ್ಟರೆ ಅರ್ಧ ಕಥೆಯೂ ಸಿಗುವುದಿಲ್ಲ. ರೊಡೇಷಿಯಾದ ರೇಡಿಯೋ ಸರ್ಕಾರದ ಕೈಯಲ್ಲಿತ್ತು. ನೇರವಾಗಿ ‘ಸ್ಮಿತ್ ತೊಲಗು’ ಅಂತ ಹಾಡಿದರೆ ಅದೇ ದಿನ ಜೈಲು. ಹಾಗಾಗಿ ಹಾಡುಗಳು ಗಾದೆಯ, ಮನೆಮಾತಿನ ರೂಪ ತಾಳಿದವು. ‘ಪ್ಫುಮ್ವು ಪರುಜೆವ್ಹಾ’ ಹಳ್ಳಿಗಳ ಕಷ್ಟ ಹೇಳುತ್ತದೆ, ಅಷ್ಟೇ. ಯಾರಿಂದ ಕಷ್ಟ ಅಂತ ಹೇಳುವುದಿಲ್ಲ. ಕೇಳುವವರಿಗೆ ಹೇಳಬೇಕಾಗಿಯೂ ಇರಲಿಲ್ಲ. ಜನರನ್ನು ಅವರ ಊರುಗಳಿಂದ ಎಬ್ಬಿಸಿ ಬೇಲಿ ಹಾಕಿದ ಶಿಬಿರಗಳಿಗೆ ತುಂಬುತ್ತಿದ್ದ ಕಾಲ ಅದು.

1976ರಲ್ಲಿ ಸ್ಮಿತ್, ಬಹುಸಂಖ್ಯಾತರ ಆಳ್ವಿಕೆ ಸಾವಿರ ವರ್ಷ ಹೋದರೂ ಬರುವುದಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ಮಪ್ಫುಮೋ ಹಾಡು ‘ಪಮುರೊಮೊ ಚೆತೆ’ ಅದಕ್ಕೆ ಕೊಟ್ಟ ಉತ್ತರ. ಬರೀ ಬಾಯಿ ಮಾತು ಅಂತ ಅರ್ಥ. ಹಾಡಿನಲ್ಲಿ ಸ್ಮಿತ್ ಹೆಸರಿಲ್ಲ. ಬಾಯಿಬಡುಕ ಯಾರು ಅಂತ ಮಕ್ಕಳಿಗೂ ಗೊತ್ತಿತ್ತು.

ಆಮೇಲೆ ‘ತುಮಿರಾ ವಾನಾ ಕುಹೊಂಡೊ’ ಬಂತು. ಮಕ್ಕಳನ್ನು ಯುದ್ಧಕ್ಕೆ ಕಳಿಸಿ ಅಂತ. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ರೇಡಿಯೋ ಹಾಡಲಿಲ್ಲ, ಜನ ಹಾಡಿದರು. ಗಡಿಯಾಚೆ ಮೊಜಾಂಬಿಕ್ 1975ರಲ್ಲಿ ಸ್ವತಂತ್ರವಾಗಿತ್ತು. ಅಲ್ಲಿಯ ಮಾಪುಟೊದಿಂದ ‘ವಾಯ್ಸ್ ಆಫ್ ಜಿಂಬಾಬ್ವೆ’ ಪ್ರಸಾರ ಬರುತ್ತಿತ್ತು. ಹಳ್ಳಿಗಳಲ್ಲಿ ಗೆರಿಲ್ಲಾಗಳು ರಾತ್ರಿ ‘ಪುಂಗ್ವೆ’ ಸಭೆ ನಡೆಸುತ್ತಿದ್ದರು. ಅಲ್ಲೂ ಬೆಳಗಿನ ತನಕ ಹಾಡು. ಬಿರಾ ನಡೆಯುವ ರೀತಿಯಲ್ಲೇ ಪುಂಗ್ವೆ ನಡೆಯುತ್ತಿತ್ತು ಅನ್ನುವುದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ರಾತ್ರಿಯಿಡೀ ಕೂತು ಹಾಡಿ ಹಿರಿಯರನ್ನು ಕರೆಯುವುದು ಜನರಿಗೆ ಮೊದಲೇ ಗೊತ್ತಿತ್ತು. ಯುದ್ಧ ಅದೇ ದಾರಿಯಲ್ಲಿ ಬಂತು.

1970ರ ದಶಕದ ಕೊನೆಗೆ ಮಪ್ಫುಮೋ ಅವರನ್ನು ವಿಚಾರಣೆಯೇ ಇಲ್ಲದೆ ಸುಮಾರು ಮೂರು ತಿಂಗಳು ಒಳಗೆ ಹಾಕಿದ್ದರು.


ಸಂಜೆರಾಗ

@ಬೆಳಗಿನಬಿಸಿಲು ಮೇಡಂ, ಪುಂಗ್ವೆ ಮತ್ತು ಬಿರಾ ಬಗ್ಗೆ ನೀವು ಹೇಳಿದ್ದು ತುಂಬಾ ಚೆನ್ನಾಗಿದೆ. ಸಾಹಿತ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಶಬ್ದವೂ ಅರ್ಥ ಹೇಳುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ. ಗಿಟಾರಿನಲ್ಲಿ ಎಂಬಿರಾ ರಾಗ ಕೇಳಿದ ಕೂಡಲೇ ಕೇಳುಗರ ಮನಸ್ಸು ನೆಹಾಂಡಾ ಕಡೆಗೆ, ಕಳೆದುಕೊಂಡ ಭೂಮಿಯ ಕಡೆಗೆ ಹೋಗುತ್ತಿತ್ತು. ಪದ ಏನೇ ಇರಲಿ.


ಕೆಂಪುಮಣ್ಣು

ನಾನು ಒಪ್ಪುವುದಿಲ್ಲ, ಕ್ಷಮಿಸಿ. ವಾದ್ಯ ಯಾವ ಸರ್ಕಾರಕ್ಕೂ ಬಗ್ಗಲಿಲ್ಲ ಅನ್ನುವುದು ಕೇಳಲು ಚೆಂದ, ಚರಿತ್ರೆ ಹಾಗಿಲ್ಲ.

1979ರಲ್ಲಿ ಬಿಷಪ್ ಅಬೆಲ್ ಮುಜೋರೆವಾ ಪರವಾಗಿ ಬುಲವಾಯೊದಲ್ಲಿ ನಡೆದ ಸಭೆಯಲ್ಲಿ ಇದೇ ಮಪ್ಫುಮೋ ಹಾಡಿದರು. ಮುಜೋರೆವಾ ಸ್ಮಿತ್ ಜೊತೆ ಒಳ ಒಪ್ಪಂದ ಮಾಡಿಕೊಂಡವರು. ಬಲವಂತದಿಂದ ಹಾಡಿದೆ ಅಂತ ಮಪ್ಫುಮೋ ಆಮೇಲೆ ಹೇಳಿದ್ದಾರೆ. ನಂಬೋಣ. ಆದರೂ ಎಂಬಿರಾ ರಾಗ ಅವತ್ತು ಆ ವೇದಿಕೆ ಮೇಲೆ ನುಡಿಯಲು ಏನೂ ಅಡ್ಡಿ ಮಾಡಲಿಲ್ಲ ಅಲ್ವಾ?

2000ದ ನಂತರ ಮುಗಾಬೆ ಬಿಳಿಯರ ಜಮೀನು ವಶಪಡಿಸಿಕೊಂಡದ್ದನ್ನು ‘ಮೂರನೇ ಚಿಮುರೆಂಗಾ’ ಅಂತ ಕರೆದರು. ಸರ್ಕಾರವೇ ಹಾಡು ಮಾಡಿಸಿತು. ‘ರಂಬಾಯಿ ಮಕಶಿಂಗಾ’ ಸರ್ಕಾರಿ ರೇಡಿಯೋ ಟಿವಿಯಲ್ಲಿ ದಿನಕ್ಕೆ ಎಷ್ಟೋ ಸಲ ಬರುತ್ತಿತ್ತು. ರೇಡಿಯೋದಲ್ಲಿ ಮುಕ್ಕಾಲು ಪಾಲು ಸ್ಥಳೀಯ ಸಂಗೀತವೇ ಇರಬೇಕು ಅಂತ 2001ರಲ್ಲಿ ಕಾನೂನು ಬಂತು. ಕೇಳಲು ಒಳ್ಳೆಯದೇ. ಆದರೆ ಸ್ಥಳೀಯರೇ ಆದ ಮಪ್ಫುಮೋ ಅವರ ಟೀಕೆಯ ಹಾಡುಗಳಿಗೆ ಜಾಗ ಸಿಗಲಿಲ್ಲ. 2021ರ ಮೇ 25ರಂದು ರಾಜಧಾನಿ ಹರಾರೆಯ ನಡುಮಧ್ಯೆ ನೆಹಾಂಡಾ ಪ್ರತಿಮೆ ಅನಾವರಣ ಮಾಡಿದ್ದೂ ಸರ್ಕಾರವೇ. ಹಿರಿಯರನ್ನು ಸರ್ಕಾರಗಳು ಬಹಳ ಸುಲಭವಾಗಿ ತಮ್ಮ ಕಡೆ ಎಳೆದುಕೊಳ್ಳುತ್ತವೆ.

ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. 1983ರಿಂದ 1987ರವರೆಗೆ ದೇಶದ ಪಶ್ಚಿಮ ಭಾಗದ ಮಟಬೆಲೆಲ್ಯಾಂಡ್‌ನಲ್ಲಿ, ಉತ್ತರ ಕೊರಿಯಾದವರು ತರಬೇತಿ ಕೊಟ್ಟ ಮುಗಾಬೆ ಸರ್ಕಾರದ ಸೈನ್ಯದ ಐದನೇ ಬ್ರಿಗೇಡ್ ಸಾವಿರಾರು ಜನರನ್ನು ಕೊಂದಿತು. ಸತ್ತವರಲ್ಲಿ ಹೆಚ್ಚಿನವರು ಎನ್‌ಡೆಬೆಲೆ ಮಾತಾಡುವವರು. ಗುಕುರಹುಂಡಿ ಅನ್ನುತ್ತಾರೆ. ಆ ವರ್ಷಗಳಲ್ಲಿ ಚಿಮುರೆಂಗಾ ಸಂಗೀತ ಏನು ಮಾಡುತ್ತಿತ್ತು? ಹೊಸ ದೇಶದ ಸಂಭ್ರಮ ಹಾಡುತ್ತಿತ್ತು. ಎಂಬಿರಾ ಶೋನಾ ಹಿರಿಯರ ವಾದ್ಯ. ಮಟಬೆಲೆಲ್ಯಾಂಡ್‌ನ ದೊಡ್ಡ ನಗರ ಬುಲವಾಯೊದ ತಾಯಿಯೊಬ್ಬಳ ಸಂಕಟ ಅದಕ್ಕೆ ಕೇಳಿಸಲಿಲ್ಲ. ಆ ಭಾಗದ ನೋವನ್ನು ಹಾಡಿದವರು ಲವ್‌ಮೋರ್ ಮಜೈವಾನಾ ಅಂಥವರು, ಎನ್‌ಡೆಬೆಲೆ ಭಾಷೆಯಲ್ಲಿ. ಅವರೂ ಕೊನೆಗೆ ದೇಶ ಬಿಟ್ಟು ಅಮೆರಿಕಕ್ಕೆ ಹೋದರು. ಆಫ್ರಿಕಾದ ಪ್ರತಿಭಟನೆಯ ಸಂಗೀತ ಅಂತ ಪಟ್ಟಿ ಮಾಡುವಾಗ ಅವರ ಹೆಸರು ಯಾಕೆ ಬರುವುದಿಲ್ಲ?


ಬೆಳಗಿನಬಿಸಿಲು

@ಕೆಂಪುಮಣ್ಣು ಅವರೇ, ಮಜೈವಾನಾ ಹೆಸರು ತಂದದ್ದಕ್ಕೆ ಥ್ಯಾಂಕ್ಸ್. ಜಿಂಬಾಬ್ವೆ ಸಂಗೀತ ಅಂದರೆ ಹರಾರೆ ಮಾತ್ರ ಅನ್ನುವ ಹಾಗೆ ಬರೆಯುವವರೇ ಜಾಸ್ತಿ. ಬುಲವಾಯೊವನ್ನು ಪಕ್ಕಕ್ಕೆ ಇಡಬಾರದು.


ಸಂಜೆರಾಗ

@ಕೆಂಪುಮಣ್ಣು ಸರ್, ಗುಕುರಹುಂಡಿ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಯಾರ ಹಿರಿಯರು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಹಿರಿಯರ ಹೆಸರಿನಲ್ಲಿ ನಿಂತ ಸಂಗೀತದ ಬಲವೂ ಅದೇ, ಮಿತಿಯೂ ಅದೇ. ಒಂದು ವಂಶದ, ಒಂದು ಭಾಷೆಯ ನೆನಪು ಅದರೊಳಗೆ ಗಟ್ಟಿಯಾಗಿರುತ್ತದೆ. ಪಕ್ಕದವರ ನೋವು ಅಷ್ಟು ಸುಲಭವಾಗಿ ಒಳಗೆ ಬರುವುದಿಲ್ಲ.

ಆದರೆ ಮುಗಾಬೆ ವಿಷಯದಲ್ಲಿ ನನ್ನ ಮಾತು ಬಿಡುವುದಿಲ್ಲ. ಸರ್ಕಾರ ಹೆಸರು ತೆಗೆದುಕೊಂಡಿತು, ಪ್ರತಿಮೆ ನಿಲ್ಲಿಸಿತು, ಜಾಹೀರಾತಿನ ಹಾಡು ಮಾಡಿತು. ಅದರಿಂದ ಜನರ ಬಾಯಿ ಮುಚ್ಚಿತಾ? 1988ರ ವಿಲ್ಲೋಗೇಟ್ ಹಗರಣ ನೋಡಿ. ದೇಶದಲ್ಲಿ ಕಾರು ಸಿಗುವುದೇ ಕಷ್ಟವಾಗಿದ್ದ ಕಾಲ. ಸಚಿವರು, ದೊಡ್ಡ ಅಧಿಕಾರಿಗಳು ವಿಲ್ಲೋವೇಲ್ ಕಾರ್ಖಾನೆಯಿಂದ ಸರತಿ ತಪ್ಪಿಸಿ ಕಾರು ಕೊಂಡು, ಹೆಚ್ಚಿನ ಬೆಲೆಗೆ ಮಾರಿ ಹಣ ಮಾಡಿದರು. ಬುಲವಾಯೊದ ‘ಕ್ರಾನಿಕಲ್’ ಪತ್ರಿಕೆ ಅದನ್ನು ಬಯಲು ಮಾಡಿತು. ನ್ಯಾಯಮೂರ್ತಿ ಸಂದುರಾ ಆಯೋಗ ಬಂತು. ಹಲವು ಸಚಿವರು ರಾಜೀನಾಮೆ ಕೊಟ್ಟರು. 1989ರಲ್ಲಿ ಮಪ್ಫುಮೋ ‘ಕರಪ್ಷನ್’ ಹಾಡಿದರು. ಗಾದೆ ಇಲ್ಲ, ಒಡಪು ಇಲ್ಲ. ಲಂಚ ಕೊಡದೆ ಏನೂ ಆಗುವುದಿಲ್ಲ ಅನ್ನುವುದನ್ನು ಸೀದಾ ಹೇಳುವ ಹಾಡು. ಸ್ವಾತಂತ್ರ್ಯ ಬಂದು ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ. 1980ರ ಏಪ್ರಿಲ್‌ನಲ್ಲಿ ರುಫಾರೋ ಕ್ರೀಡಾಂಗಣದ ಸ್ವಾತಂತ್ರ್ಯ ಸಂಭ್ರಮದಲ್ಲಿ ಹಾಡಿದ್ದ ಮನುಷ್ಯ ಇವರೇ. ಬಾಬ್ ಮಾರ್ಲಿ ಕೂಡ ಅಲ್ಲಿ ಹಾಡಿದ್ದರು.

ಇನ್ನೊಂದು, ‘ಮಮ್ವೆಮ್ವೆ’. 2000ದ ಆಸುಪಾಸಿನದು. ದೇಶ ಈಗ ಹರಿದ ಚಿಂದಿಯಾಗಿದೆ ಅನ್ನುತ್ತದೆ. ಈ ಹಾಡು ಬಂದಾಗ ಇನ್ನೂ ಪೂರ್ತಿ ಕೆಟ್ಟಿರಲಿಲ್ಲ. ಎಂಟು ಒಂಬತ್ತು ವರ್ಷಗಳಲ್ಲಿ, 2009ರ ಜನವರಿಯಲ್ಲಿ, ಅಲ್ಲಿ 100 ಟ್ರಿಲಿಯನ್ ಡಾಲರ್‌ನ ನೋಟು ಅಚ್ಚಾಯಿತು. ಹೆಚ್ಚು ಕಡಿಮೆ ಅದೇ ಹಾಡಿನ ಹೊತ್ತಿಗೆ ಮಪ್ಫುಮೋ ಕುಟುಂಬ ಅಮೆರಿಕದ ಒರೆಗಾನ್‌ಗೆ ಹೋಯಿತು. ಮುಗಾಬೆ 2017ರ ನವೆಂಬರ್‌ನಲ್ಲಿ ಇಳಿಯುವಾಗಲೂ ಅವರು ಅಲ್ಲೇ ನೆಲೆಸಿದ್ದರು. 2018ರ ಏಪ್ರಿಲ್‌ನಲ್ಲಿ ಹರಾರೆಯ ಗ್ಲಾಮಿಸ್ ಅರೇನಾದಲ್ಲಿ ಮತ್ತೆ ಹಾಡಿದರು. ಆ ಕಾರ್ಯಕ್ರಮಕ್ಕೆ ‘ಬಿಗ್ ಬಿರಾ’ ಅಂತ ಹೆಸರಿಟ್ಟಿದ್ದರು.


ರಾತ್ರಿಪಾಳಿ

ಮೂಲೆಯಲ್ಲಿ ಕೂತು ಓದುತ್ತಿದ್ದೆ, ಒಂದು ಮಾತು ಸೇರಿಸುತ್ತೇನೆ. ಪಶ್ಚಿಮ ಆಫ್ರಿಕಾದ ಮಾಂಡೆ ಜನರಲ್ಲಿ ಕಥೆ ತಿರುಗುಮುರುಗು. ಕೋರಾ, ಎನ್‌ಗೋನಿ ಅನ್ನುವ ತಂತಿವಾದ್ಯ ನುಡಿಸುವ ಜೆಲಿಗಳು ವಂಶಪಾರಂಪರ್ಯ ಹಾಡುಗಾರರು. ಒಡೆಯರ ವಂಶಾವಳಿ ಹೇಳುವುದು, ಹೊಗಳುವುದು, ಜಗಳ ಬಿಡಿಸುವುದು ಅವರ ಕಸುಬು. ಹಾಗಾಗಿ ಅಲ್ಲಿ ಹೊಸ ಸರ್ಕಾರಗಳ ಜೊತೆ ಸಂಗೀತ ಸಲೀಸಾಗಿ ಸೇರಿಕೊಂಡಿತು. ಗಿನಿಯಲ್ಲಿ ಅಧ್ಯಕ್ಷ ಸೇಕೂ ತೂರೆ ಸರ್ಕಾರ ಬ್ಯಾಂಡುಗಳಿಗೆ ಸಂಬಳ ಕೊಟ್ಟು ಸಾಕಿತು. ಬೆಂಬೆಯಾ ಜಾಜ್ ತಂಡ ಫ್ರೆಂಚರ ವಿರುದ್ಧ ಹೋರಾಡಿದ ಸಮೋರಿ ತೂರೆಯ ಕಥೆಯನ್ನು ದೊಡ್ಡ ಹಾಡಾಗಿ ಕಟ್ಟಿತು. ಸಂಗೀತ ಅದ್ಭುತ. ಆದರೆ ಸಮೋರಿಯನ್ನು ಹೊಗಳಿದರೆ ಅವನ ವಂಶದವನು ಅಂತ ಹೇಳಿಕೊಳ್ಳುತ್ತಿದ್ದ ಅಧ್ಯಕ್ಷರನ್ನೂ ಹೊಗಳಿದ ಹಾಗೆ.

ಅಲ್ಲೂ ಎದುರು ನಿಂತವರಿದ್ದಾರೆ. 2012ರ ಮಾರ್ಚ್ 22ರಂದು ಮಾಲಿಯಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಎನ್‌ಗೋನಿ ವಾದಕ ಬಸೆಕೂ ಕುಯಾಟೆ ಬಮಾಕೊದಲ್ಲಿ ಅದೇ ಹೊತ್ತಿಗೆ ರೆಕಾರ್ಡಿಂಗ್ ಶುರು ಮಾಡಿದ್ದರು. ಉತ್ತರ ಮಾಲಿಯಲ್ಲಿ ಶಸ್ತ್ರಧಾರಿ ಗುಂಪುಗಳು ಸಂಗೀತವನ್ನೇ ನಿಷೇಧಿಸಿದವು. ಆ ಆಲ್ಬಂ ‘ಜಾಮಾ ಕೋ’ 2013ರಲ್ಲಿ ಬಂತು. ಎನ್‌ಗೋನಿಗೆ ಆಂಪ್ಲಿಫೈಯರ್ ಹಾಕಿ ಅಷ್ಟು ಸಿಟ್ಟಿನಲ್ಲಿ ನುಡಿಸಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಸಂಜೆರಾಗ ಅವರ ವಾದಕ್ಕೆ ಇದು ಒಂದು ಕಡೆ ಬಲ ಕೊಡುತ್ತದೆ. ರಾಗ ಯಾರದ್ದು, ಹಾಡುಗಾರ ಯಾರ ಅನ್ನ ತಿನ್ನುತ್ತಾನೆ ಅನ್ನುವುದರ ಮೇಲೆ ರಾಜಕೀಯ ನಿಂತಿದೆ. ವಾದ್ಯ ಎಷ್ಟು ಹಳೆಯದು ಅನ್ನುವುದರ ಮೇಲಲ್ಲ.


ಯಲ್ಲಾಪುರ_ಕಾಡು

ಚರ್ಚೆ ಚೆನ್ನಾಗಿದೆ. ನಮ್ಮ ಕಡೆಯ ಸಿದ್ದಿ ಜನರ ಡಮಾಮಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅವರ ಹಿರಿಯರೂ ಪೂರ್ವ ಆಫ್ರಿಕಾ ಕಡೆಯಿಂದ ಬಂದವರೇ. ಎಂಬಿರಾ ಥರದ್ದು ಏನಾದರೂ ಅವರಲ್ಲಿ ಉಳಿದಿದೆಯಾ?


ರಾತ್ರಿಪಾಳಿ

@ಯಲ್ಲಾಪುರ_ಕಾಡು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಹಲವರು ಈಗಿನ ಮೊಜಾಂಬಿಕ್ ಭಾಗದವರು. ಅದು ಜಿಂಬಾಬ್ವೆಯ ಪಕ್ಕದ ನಾಡೇ. ಆದರೆ ಡಮಾಮಿ ಚರ್ಮವಾದ್ಯ, ಎಂಬಿರಾ ಲೋಹದ ಕಡ್ಡಿಯ ವಾದ್ಯ. ಒಂದರಿಂದ ಇನ್ನೊಂದಕ್ಕೆ ನೇರ ಗೆರೆ ಎಳೆಯಬಾರದು. ಸಿದ್ದಿಗಳ ಹಾಡು ಕುಣಿತಕ್ಕೆ ಅದರದ್ದೇ ಚರಿತ್ರೆ ಇದೆ, ಕಾಡಿನ ಹಕ್ಕಿನ ಮಾತಿದೆ. ನೀವೇ ಒಂದು ಬೇರೆ ಚರ್ಚೆ ಶುರು ಮಾಡಿ, ಅಲ್ಲಿಯವರಾಗಿ ನಿಮಗೆ ನಮಗಿಂತ ಜಾಸ್ತಿ ಗೊತ್ತಿರುತ್ತದೆ.


ಸಿಯಾಟಲ್_ಕನ್ನಡತಿ

ಇಷ್ಟು ಹೊತ್ತು ಗಂಡಸರ ಹೆಸರೇ ಬಂತು. ನೆಹಾಂಡಾ ಒಬ್ಬರನ್ನು ಬಿಟ್ಟರೆ ಹೆಣ್ಣುಮಕ್ಕಳು ಎಲ್ಲಿ?

ಸ್ಟೆಲ್ಲಾ ಚಿವೆಷೆ ಬಗ್ಗೆ ಹೇಳಲೇಬೇಕು. ಹುಟ್ಟಿದ್ದು 1946. 1960ರ ದಶಕದಲ್ಲಿ ಎಂಬಿರಾ ಕಲಿಯಬೇಕು ಅಂದಾಗ ಯಾರೂ ಕಲಿಸಲಿಲ್ಲ, ಹೆಂಗಸಿಗೆ ಯಾಕೆ ಅಂದರು. ಕೊನೆಗೆ ಅಜ್ಜನ ವರಸೆಯ ಒಬ್ಬ ಹಿರಿಯರು ಕಲಿಸಿದರು. ಮೊದಲ ಹಾಡು ‘ಕಸಹ್ವಾ’ 1974ರಲ್ಲಿ ಬಂತು. ನುಡಿಸಿದ್ದು ಯಾರಿಂದಲೋ ಎರವಲು ತಂದ ಎಂಬಿರಾದಲ್ಲಿ. ಆ ಹಾಡು ತುಂಬಾ ಜನಪ್ರಿಯವಾಯಿತು. ಆಳುವವರಿಗೂ ಬೇಡದ, ತನ್ನ ಮನೆಯ ಗಂಡಸರಿಗೂ ಬೇಡದ ಕೆಲಸ ಮಾಡಿದ ಹೆಂಗಸು. ಬಿಳಿಯರ ಕಾಲದಲ್ಲಿ ಬಿರಾಗಳಲ್ಲಿ ಗುಟ್ಟಾಗಿ ನುಡಿಸುತ್ತಿದ್ದರು. ಆಮೇಲೆ ಯುರೋಪಿನ ದೊಡ್ಡ ವೇದಿಕೆಗಳಿಗೆ ಹೋದರು. 2023ರ ಜನವರಿಯಲ್ಲಿ ತೀರಿಕೊಂಡರು. ಜನ ಅವರನ್ನು ಅಂಬುಯಾ ಅಂತ ಕರೆಯುತ್ತಿದ್ದರು, ಅಜ್ಜಿ ಅಂತ. ಮಪ್ಫುಮೋ ಅವರದ್ದು ಎರಡು ಸರ್ಕಾರಗಳ ಜೊತೆ ಹೋರಾಟ ಆದರೆ ಇವರದ್ದು ಅದಕ್ಕೂ ಮೊದಲು ಮನೆಯ ಹೊಸ್ತಿಲಲ್ಲೇ ಶುರುವಾಗಿತ್ತು.

ಅವರ ನಂತರ ಚಿವೊನಿಸೋ ಮರೈರೆ. ಅವರ ತಂದೆ ದುಮಿಸಾನಿ ಮರೈರೆ 1968ರಲ್ಲಿ ನಮ್ಮ ಈ ಊರಿನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಕಲಿಸಲು ಬಂದವರು. ಅವರು ಕಲಿಸಿದ್ದು ‘ನ್ಯುಂಗಾ ನ್ಯುಂಗಾ’ ಅನ್ನುವ 15 ಕಡ್ಡಿಯ ಚಿಕ್ಕ ಎಂಬಿರಾ. ಇಲ್ಲಿ ಸಿಯಾಟಲ್, ಒರೆಗಾನ್ ಕಡೆ ಇವತ್ತಿಗೂ ಎಂಬಿರಾ, ಮರಿಂಬಾ ಕಲಿಯುವ ಗುಂಪುಗಳು ಇಷ್ಟಿರುವುದಕ್ಕೆ ಅವರೇ ಕಾರಣ. ಮಗಳು 2008ರಲ್ಲಿ ‘ರೆಬೆಲ್ ವುಮನ್’ ಅನ್ನುವ ಆಲ್ಬಂ ತಂದರು. 2013ರಲ್ಲಿ, ಬರೀ 37ರ ವಯಸ್ಸಿಗೆ ಹೋದರು. ಆ ದನಿ ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ನಾನು ಕಲಿಯುತ್ತಿರುವುದೂ ಅಂಥದ್ದೊಂದು ಗುಂಪಿನಲ್ಲೇ. ಮೊದಮೊದಲು ತೋರುಬೆರಳಿನ ಉಗುರಿನ ಬದಿ ಕಿತ್ತುಬರುತ್ತದೆ. ಹೆಬ್ಬೆರಳಲ್ಲಿ ಗಟ್ಟಿ ಚರ್ಮ ಬರುವ ತನಕ ನೋವು. ಅದಕ್ಕಿಂತ ಕಷ್ಟ ಒಂದಿದೆ. ಒಂದನೇ ಸ್ವರ ಯಾವುದು ಅಂತ ಕೇಳಿದರೆ ನಮ್ಮ ಗುರುಗಳು ಹೇಳುವುದಿಲ್ಲ. ಆವರ್ತ ಎಲ್ಲಿಂದ ಬೇಕಾದರೂ ಶುರುವಾಗಬಹುದು, ಎದುರಿನವರನ್ನು ಕೇಳಿ ಸೇರಿಕೊಳ್ಳಿ ಅನ್ನುತ್ತಾರೆ. ಸಮ ಹಿಡಿದು ತಾಳ ಹಾಕಿ ಬೆಳೆದ ನನ್ನಂಥವರಿಗೆ ಇದು ಮೈಗೆ ಇಳಿಯುವುದಕ್ಕೆ ತುಂಬಾ ದಿನ ಹಿಡಿಯುತ್ತದೆ. ಇಲ್ಲಿ ಯಾರೂ ಯಜಮಾನರಿಲ್ಲ. ಒಬ್ಬರು ನಿಲ್ಲಿಸಿದರೂ ರಾಗ ನಿಲ್ಲುವುದಿಲ್ಲ. ಸಂಜೆರಾಗ ಅವರೇ, ನಿಮ್ಮ ವಾದ ನನಗೆ ಓದಿ ಒಪ್ಪಿಗೆಯಾಗಿದ್ದಲ್ಲ. ಕೈಯಲ್ಲಿ ಹಿಡಿದ ಮೇಲೆ ಒಪ್ಪಿಗೆಯಾಯಿತು.


ಕೆಂಪುಮಣ್ಣು

@ಸಿಯಾಟಲ್_ಕನ್ನಡತಿ ಮೇಡಂ, ಚಿವೆಷೆ ಬಗ್ಗೆ ಬರೆದದ್ದು ಚೆನ್ನಾಗಿದೆ. ಹಿರಿಯರ ವಾದ್ಯ ಅಂತ ಇಲ್ಲಿ ಎಲ್ಲರೂ ಹೊಗಳುತ್ತಿದ್ದೇವೆ. ಆ ಹಿರಿಯರ ಹೆಸರು ಹೇಳಿಯೇ ಹೆಣ್ಣುಮಕ್ಕಳ ಕೈಯಿಂದ ವಾದ್ಯ ಕಸಿದುಕೊಂಡದ್ದೂ ನಡೆದಿದೆ. ನೆಹಾಂಡಾ ಹೆಣ್ಣಿನ ಮೈಮೇಲೆ ಬಂದರೆ ಸರಿ, ಹೆಣ್ಣು ಎಂಬಿರಾ ಮುಟ್ಟಿದರೆ ತಪ್ಪು! ಸಂಪ್ರದಾಯದೊಳಗಿನ ಈ ಜಗಳವೂ ರಾಜಕೀಯವೇ. ಚಿವೆಷೆ ಅದನ್ನು ಗೆದ್ದದ್ದು ನನಗೆ ‘ಕರಪ್ಷನ್’ ಹಾಡಿಗಿಂತ ದೊಡ್ಡದಾಗಿ ಕಾಣುತ್ತದೆ.


ಹೊಸಪೇಟೆ_ಗಿಟಾರ್

ಮೇಡಂ, ಒಂದು ಸಹಾಯ ಬೇಕು. ಗಿಟಾರಿನಲ್ಲಿ ‘ನ್ಹೆಮಮುಸಾಸಾ’ ಅನ್ನುವ ಎಂಬಿರಾ ರಾಗದ ಕುಶಾವುರಾ ಭಾಗ ಒಂದು ಮಟ್ಟಕ್ಕೆ ಬಂದಿದೆ. ಆದರೆ ಹಳೆಯ ರೆಕಾರ್ಡಿಂಗ್ ಜೊತೆ ನುಡಿಸಿದರೆ ಶ್ರುತಿಯೇ ಕೂಡುವುದಿಲ್ಲ. ಒಂದೆರಡು ಸ್ವರ ಅತ್ತಿತ್ತ ಜಾರಿದ ಹಾಗೆ ಕೇಳುತ್ತದೆ. ತಪ್ಪು ಎಲ್ಲಿದೆ?


ಸಿಯಾಟಲ್_ಕನ್ನಡತಿ

@ಹೊಸಪೇಟೆ_ಗಿಟಾರ್ ತಪ್ಪು ಎಲ್ಲೂ ಇಲ್ಲ. ಎಂಬಿರಾಕ್ಕೆ ಎಲ್ಲರಿಗೂ ಒಂದೇ ಅನ್ನುವ ಶ್ರುತಿ ಇಲ್ಲ. ಮಾಡುವವರು ತಮ್ಮ ಕಿವಿಗೆ ಒಪ್ಪುವ ಹಾಗೆ ಕಡ್ಡಿ ಕೂರಿಸುತ್ತಾರೆ. ಸ್ವರಗಳ ನಡುವಿನ ಅಂತರವೂ ಒಬ್ಬರದ್ದು ಇನ್ನೊಬ್ಬರದ್ದಕ್ಕೆ ಹೊಂದುವುದಿಲ್ಲ. ಜೊತೆಯಾಗಿ ನುಡಿಸುವ ವಾದ್ಯಗಳನ್ನು ಒಬ್ಬರ ಕೈಯಲ್ಲೇ ಮಾಡಿಸುವುದು ಅದಕ್ಕೇ. ಮಪ್ಫುಮೋ ಬ್ಯಾಂಡಿಗೆ ಬಂದ ಎಂಬಿರಾಗಳನ್ನು ಗಿಟಾರ್ ಶ್ರುತಿಗೆ ಹೊಂದಿಸಿಕೊಂಡಿದ್ದರು, ಹಾಗಾಗಿ ಅವರ 1980ರ ದಶಕದ ಕೊನೆಯ ಆಲ್ಬಂಗಳ ಜೊತೆ ನುಡಿಸಿ ನೋಡಿ, ಸಲೀಸಾಗಿ ಕೂಡುತ್ತದೆ. ಹಳ್ಳಿಯ ರೆಕಾರ್ಡಿಂಗ್‌ಗಳ ಜೊತೆ ನುಡಿಸಬೇಕು ಅಂದರೆ ಟ್ಯೂನರ್ ಪಕ್ಕಕ್ಕಿಟ್ಟು ಒಂದೊಂದೇ ತಂತಿಯನ್ನು ಕಿವಿಯಲ್ಲಿ ಹೊಂದಿಸಿಕೊಳ್ಳಿ. ಕೆಳಸಾಲಿನ ದಪ್ಪ ಸ್ವರದಿಂದ ಶುರು ಮಾಡಿ. ನಿಮ್ಮ ರೆಕಾರ್ಡಿಂಗ್ ಇಲ್ಲಿ ಹಾಕಿ, ಕುತ್ಸಿನ್ಹಿರಾ ಭಾಗವನ್ನು ನಾನು ಇಲ್ಲಿಂದ ನುಡಿಸಿ ಕಳಿಸುತ್ತೇನೆ.